ಮೊಮ್ಮಗಳ 7.67 ಮತ್ತು ಯಾರೂ ಓದದ ನಿಯಮಾವಳಿ

ಆತ್ಮೀಯರೇ,

ನಿಮ್ಮ ಕಾಗದ ಬಂತು. ಮೊಮ್ಮಗಳು ಎಂಜಿನಿಯರಿಂಗ್ ಸೇರಿ ಮೊದಲ ಸೆಮಿಸ್ಟರ್ ಮುಗಿಸಿದ್ದಾಳೆ, ರಿಸಲ್ಟ್ ಏನಾಯಿತು ಅಂದರೆ ‘7.67’ ಅಂದಳು, ಖುಷಿಪಡಬೇಕೋ ಬೈಯಬೇಕೋ ಗೊತ್ತಾಗದೆ ‘ಹೌದಾ’ ಅಂದು ಸುಮ್ಮನಾದೆ ಎಂದು ಬರೆದಿದ್ದೀರಿ. ‘ನಮ್ಮ ಕಾಲದಲ್ಲಿ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು, ಇಲ್ಲಾಂದ್ರೆ ಡುಮ್ಕಿ. ಈಗಿನದೇನು ಸ್ವಾಮಿ?’ ಎಂದು ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ. ಊಟ ಮುಗಿಸಿ ಕೂತು ಓದಿ, ಆಮೇಲೆ ಅವಳ ಕೈಗೂ ಕೊಡಿ.

ಮೊದಲು ನಿಮ್ಮ ಆತಂಕ ಕಳೆಯೋಣ: 7.67 ಒಳ್ಳೆಯ ಫಲಿತಾಂಶ. ಮೊದಲ ಸೆಮಿಸ್ಟರಿನಲ್ಲಿ, ಹಾಸ್ಟೆಲಿನ ಊಟಕ್ಕೂ ಇಂಗ್ಲಿಷ್ ಪಾಠಕ್ಕೂ ಏಕಕಾಲಕ್ಕೆ ಹೊಂದಿಕೊಳ್ಳುತ್ತಿರುವ ಹುಡುಗಿಗೆ ಇನ್ನೂ ಒಳ್ಳೆಯದು. ಈಗಲೇ ಫೋನ್ ಮಾಡಿ ಹೇಳಿಬಿಡಿ.

ಈ ಸಂಖ್ಯೆ ಹುಟ್ಟುವ ರೀತಿ ಹೀಗೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ದೇಶಕ್ಕೆಲ್ಲ ಹತ್ತರ ಅಳತೆಯ ಒಂದು ಗ್ರೇಡ್ ಪದ್ಧತಿಯನ್ನು ಸೂಚಿಸಿತು. ‘ಒ’ ಬಂದರೆ 10, ‘ಎ ಪ್ಲಸ್’ಗೆ 9, ‘ಎ’ಗೆ 8, ‘ಬಿ ಪ್ಲಸ್’ಗೆ 7, ‘ಬಿ’ಗೆ 6, ‘ಸಿ’ಗೆ 5, ‘ಪಿ’ಗೆ 4, ‘ಎಫ್’ಗೆ ಸೊನ್ನೆ. ಯಾವ ಗ್ರೇಡಿಗೆ ಎಷ್ಟು ಅಂಕ ಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯ ಹೇಳುತ್ತದೆ. ನಿಮ್ಮ ಮೊಮ್ಮಗಳ ಕಾಲೇಜು ವಿಟಿಯುಗೆ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಸೇರಿದ್ದು ಎಂದಿದ್ದೀರಿ. ಅಲ್ಲಿನ 2022ರ ಸ್ಕೀಮನ್ನೇ, ಅಂದರೆ ಆ ವರ್ಷದಿಂದ ಸೇರಿದವರ ನಿಯಮವನ್ನೇ, ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: 90 ಮತ್ತು ಮೇಲೆ ‘ಒ’, 80ರಿಂದ ‘ಎ ಪ್ಲಸ್’, 70ರಿಂದ ‘ಎ’, 60ರಿಂದ ‘ಬಿ ಪ್ಲಸ್’, 55ರಿಂದ ‘ಬಿ’, 50ರಿಂದ ‘ಸಿ’, 40ರಿಂದ ‘ಪಿ’. ಅದಕ್ಕಿಂತ ಕೆಳಗಿದ್ದರೆ ನಿಮ್ಮ ಕಾಲದ ಡುಮ್ಕಿ. ಹುಡುಗರು ಈಗ ಅದನ್ನು ‘ಬ್ಯಾಕ್’ ಅನ್ನುತ್ತಾರೆ.

ಇನ್ನು ಕ್ರೆಡಿಟ್. ವಾರಕ್ಕೆ ಒಂದು ಗಂಟೆ ಪಾಠವಿದ್ದರೆ ಒಂದು ಕ್ರೆಡಿಟ್. ಪ್ರಯೋಗಾಲಯವಾದರೆ ಎರಡು ಗಂಟೆಗೆ ಒಂದು. ಮನೆಯಲ್ಲಿ ಎಲ್ಲರೂ ಮಾತಾಡಿದರೂ ಹಿರಿಯರ ಮಾತಿಗೆ ತೂಕ ಜಾಸ್ತಿ ಇರುತ್ತದಲ್ಲ, ಅಂಕಪಟ್ಟಿಯಲ್ಲಿ ನಾಲ್ಕು ಕ್ರೆಡಿಟ್ಟಿನ ವಿಷಯದ ಸ್ಥಾನ ಅದು. ಅವಳ ಅಂಕಪಟ್ಟಿ ನನ್ನ ಮುಂದಿಲ್ಲ, ಲೆಕ್ಕ ಹಗುರಾಗಲೆಂದು ಐದೇ ವಿಷಯ ಇಟ್ಟುಕೊಳ್ಳೋಣ. ನಾಲ್ಕು ಕ್ರೆಡಿಟ್ಟಿನ ಒಂದರಲ್ಲಿ 9, ಇನ್ನೊಂದರಲ್ಲಿ 6. ಮೂರು ಕ್ರೆಡಿಟ್ಟಿನ ಒಂದರಲ್ಲಿ 8, ಇನ್ನೊಂದರಲ್ಲಿ 7. ಒಂದು ಕ್ರೆಡಿಟ್ಟಿನ ಲ್ಯಾಬಿನಲ್ಲಿ 10. ಗುಣಿಸಿದರೆ 36, 24, 24, 21, 10. ಒಟ್ಟು 115. ಅದನ್ನು 15 ಕ್ರೆಡಿಟ್ಟಿಗೆ ಭಾಗಿಸಿ: 7.67. ಇದು ಎಸ್‌ಜಿಪಿಎ, ಒಂದು ಸೆಮಿಸ್ಟರಿನ ಸರಾಸರಿ. ಎಲ್ಲ ಸೆಮಿಸ್ಟರುಗಳಿಗೂ ಇದೇ ರೀತಿ ತೂಕ ಹಾಕಿ ಸರಾಸರಿ ತೆಗೆದರೆ ಸಿಜಿಪಿಎ.

ಇಲ್ಲೊಂದು ಚಿಕ್ಕ ಲೆಕ್ಕ ಮಾಡಿ ನೋಡಲು ಅವಳಿಗೆ ಹೇಳಿ. ಲ್ಯಾಬಿನ 10 ಜಾರಿ 9 ಆದರೆ ಒಟ್ಟು ಫಲಿತಾಂಶ 7.6ಕ್ಕೆ ಇಳಿಯುತ್ತದೆ, ಅಷ್ಟೇ. ನಾಲ್ಕು ಕ್ರೆಡಿಟ್ಟಿನ ಆ 6, 8 ಆಗಿದ್ದರೆ ಅದೇ ಫಲಿತಾಂಶ 8.2 ಆಗುತ್ತಿತ್ತು. ಲ್ಯಾಬ್ ರೆಕಾರ್ಡಿಗೆ ಬಣ್ಣದ ಪೆನ್ನಿನಲ್ಲಿ ಗೀಟು ಹಾಕುತ್ತಾ ರಾತ್ರಿ ಕಳೆದು, ಗಣಿತದ ಪುಸ್ತಕವನ್ನು ಪರೀಕ್ಷೆಯ ಹಿಂದಿನ ದಿನ ತೆರೆಯುವ ಮಕ್ಕಳನ್ನು ನಾನು ಪಾಠ ಹೇಳುತ್ತಿದ್ದ ವರ್ಷಗಳ ಉದ್ದಕ್ಕೂ ಕಂಡಿದ್ದೇನೆ. ಶ್ರಮಕ್ಕೆ ಅವರಲ್ಲಿ ಕೊರತೆ ಇರಲಿಲ್ಲ. ಯಾವ ವಿಷಯಕ್ಕೆ ಎಷ್ಟು ತೂಕ ಎಂದು ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಅದು ಬರೆದಿರುವುದು ನಿಯಮಾವಳಿಯಲ್ಲಿ. ಕಾಲೇಜಿನಲ್ಲಿ ಯಾರೂ ಓದದ ಪುಸ್ತಕ ಅದು. ನಾನು ಈ ಪತ್ರ ಬರೆಯುತ್ತಿರುವುದೇ ಅದರ ಪರವಾಗಿ ವಕಾಲತ್ತು ಮಾಡಲು. ಕಷ್ಟ ಬರುವ ಮುಂಚೆ ಓದಿದವರಿಗೆ ಅದು ಆಸರೆ. ಕಷ್ಟ ಬಂದ ಮೇಲೆ ತೆರೆದವರಿಗೆ ಅಲ್ಲಿ ಸಿಗುವುದು ಬಹುತೇಕ ಮುಗಿದುಹೋದ ಕೊನೆಯ ದಿನಾಂಕಗಳು.

ಪಾಸಾಗುವುದನ್ನೇ ತೆಗೆದುಕೊಳ್ಳಿ. 2022ರ ಆ ಸ್ಕೀಮಿನಲ್ಲಿ ಥಿಯರಿ ವಿಷಯಕ್ಕೆ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50. ಪರೀಕ್ಷೆಯನ್ನು 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಇಂಟರ್ನಲ್ಸಿನಲ್ಲಿ ಕನಿಷ್ಠ 20 ಬರಬೇಕು, ಪರೀಕ್ಷೆಯಲ್ಲಿ ಕನಿಷ್ಠ 18. ಹುಡುಗರು ಇಷ್ಟನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ 20ಕ್ಕೆ 18 ಕೂಡಿಸಿದರೆ 38. ಎರಡೂ ಸೇರಿ 40 ಆಗಲೇಬೇಕು ಎಂಬ ಮೂರನೆಯ ಷರತ್ತು ಪಕ್ಕದಲ್ಲೇ ಇದೆ. ಎರಡೂ ಕಡೆ ದಡ ಮುಟ್ಟಿದವನು ಹೀಗೆ ಎರಡು ಅಂಕಕ್ಕೆ ಮುಳುಗುತ್ತಾನೆ. ‘ಎರಡರಲ್ಲೂ ಪಾಸಾಗಿದೀನಿ, ಹೇಗೆ ಸಾರ್ ಫೇಲು?’ ಎಂದು ಬಂದು ಕೇಳುವವನಿಗೆ ಹೇಳಲು ಆಗ ಯಾರ ಬಳಿಯೂ ಏನೂ ಇರುವುದಿಲ್ಲ.

ಪರೀಕ್ಷೆಯ ಕೋಣೆ ತಲುಪುವ ಮೊದಲೇ ಎರಡು ಬಾಗಿಲು ದಾಟಬೇಕೆಂಬುದೂ ಅಲ್ಲೇ ಇದೆ. ಒಂದು, ಇಂಟರ್ನಲ್ಸಿನ ಆ 20. ಅದು ಬಾರದಿದ್ದರೆ ಆ ವಿಷಯದ ಪರೀಕ್ಷೆಗೆ ಕೂರುವಂತಿಲ್ಲ. ಇನ್ನೊಂದು ಹಾಜರಿ. ವಿಟಿಯುನಲ್ಲಿ ಶೇ. 85 ಬೇಕು. ಕಾಯಿಲೆಯಂಥ ಸರಿಯಾದ ಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 75ರವರೆಗೆ ಮನ್ನಿಸಬಹುದು. ‘ಮನ್ನಿಸಬಹುದು’ ಎಂದಿದೆಯೇ ಹೊರತು ಮನ್ನಿಸಲೇಬೇಕು ಎಂದಿಲ್ಲ. ಜ್ವರ ಬಂದು ಮನೆಗೆ ಬಂದಾಗ ಡಾಕ್ಟರ ಚೀಟಿಯನ್ನು ಜೋಪಾನ ಮಾಡಿ, ವಾಪಸು ಹೋದ ದಿನವೇ ಕೊಡಲು ಹೇಳಿ. ಸೆಮಿಸ್ಟರಿನ ಕೊನೆಗೆ ಕೊಟ್ಟ ಚೀಟಿಯನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ.

ಈಗ ನಿಮ್ಮ ಇನ್ನೊಂದು ಮಾತು: ‘ಪೇಪರ್ ತಿದ್ದಿದವರು ತಪ್ಪಿದರೆ?’ ತಪ್ಪುತ್ತಾರೆ, ಮನುಷ್ಯರಲ್ಲವೇ. ಉತ್ತರಪತ್ರಿಕೆಯ ಮೇಲೆ ಹೆಸರಿರದಂತೆ ಸಂಕೇತ ಹಾಕುವುದು, ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿದ್ದಿಸುವುದು, ಇವೆಲ್ಲ ಪಕ್ಷಪಾತ ಮತ್ತು ಕೂಡುವ ತಪ್ಪುಗಳನ್ನು ಕಡಿಮೆ ಮಾಡುತ್ತವೆ. ಸಂಜೆಯ ಹೊತ್ತಿಗೆ ಕಣ್ಣು ಸೋತ ಮೇಷ್ಟರ ದಣಿವನ್ನು ಯಾವ ಯಂತ್ರವೂ ಕಡಿಮೆ ಮಾಡುವುದಿಲ್ಲ. ಅದಕ್ಕೇ ಫೋಟೊಕಾಪಿ, ಮರುಎಣಿಕೆ, ಮರುಮೌಲ್ಯಮಾಪನ ಎಂಬ ದಾರಿಗಳಿವೆ. ತಿದ್ದಿದ ಉತ್ತರಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಗೆ ಯಾರೋ ಮಾಡುವ ಉಪಕಾರವಲ್ಲ. 2011ರ ಆಗಸ್ಟಿನಲ್ಲಿ ಸಿಬಿಎಸ್‌ಇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅದು ಮಾಹಿತಿ ಹಕ್ಕು ಕಾಯ್ದೆಯಡಿ ಬರುವ ಹಕ್ಕು ಎಂದು ತೀರ್ಪು ಕೊಟ್ಟಿತು. ತಿದ್ದಿದವರ ಹೆಸರು ಮಾತ್ರ ಗುಟ್ಟಾಗಿರಬೇಕು ಎಂದಿತು. ಅದೂ ನ್ಯಾಯವೇ.

ಮರುಮೌಲ್ಯಮಾಪನಕ್ಕೆ ಹಣ ಕಟ್ಟುವ ಮುಂಚೆ ಮತ್ತೆ ಗ್ರೇಡಿನ ಪಟ್ಟಿ ನೋಡಬೇಕು. 61 ಬಂದವಳಿಗೆ ಏಳು ಅಂಕ ಹೆಚ್ಚಾಗಿ 68 ಆದರೂ ಗ್ರೇಡು ಅದೇ ‘ಬಿ ಪ್ಲಸ್’, ಸರಾಸರಿ ಒಂದಿಷ್ಟೂ ಅಲುಗುವುದಿಲ್ಲ. 69 ಬಂದವಳಿಗೆ ಒಂದೇ ಅಂಕ ಸಿಕ್ಕರೆ ‘ಎ’. ಮೇಲಿನ ಲೆಕ್ಕದಲ್ಲಿ ಮೂರು ಕ್ರೆಡಿಟ್ಟಿನ ಆ 7ನ್ನು 8 ಮಾಡಿ ನೋಡಿ, 7.67 ಇದ್ದದ್ದು 7.87 ಆಗುತ್ತದೆ. ಗ್ರೇಡ್ ಪದ್ಧತಿಯ ಗುಣವೂ ದೋಷವೂ ಇದೇ. 70ಕ್ಕೂ 79ಕ್ಕೂ ಅದು ಭೇದ ಮಾಡುವುದಿಲ್ಲ, 69ಕ್ಕೂ 70ಕ್ಕೂ ಮಾಡುತ್ತದೆ. ಅಂಚಿನಲ್ಲಿ ನಿಂತವರಿಗೆ ಅರ್ಜಿ ಹಾಕುವುದರಲ್ಲಿ ಅರ್ಥವಿದೆ. ಮರುಮೌಲ್ಯಮಾಪನದಲ್ಲಿ ಅಂಕ ಕಡಿಮೆಯಾದರೆ ಯಾವುದು ಉಳಿಯುತ್ತದೆ ಎಂಬುದು ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ರೀತಿ. ಅದನ್ನೂ ಮೊದಲೇ ಓದಬೇಕು. ರಿಸಲ್ಟ್ ಬಂದ ಮೇಲೆ ಅರ್ಜಿಗೆ ಸಿಗುವುದು ಕೆಲವೇ ದಿನ. ಅಳುವುದಕ್ಕೆ ಒಂದು ರಾತ್ರಿ ಸಾಕು, ಬೆಳಗ್ಗೆ ಸುತ್ತೋಲೆ ಓದಬೇಕು.

ನಿಮ್ಮ ತಮ್ಮನ ಮಕ್ಕಳ ವಿಚಾರ ಬರೆದಿದ್ದೀರಲ್ಲ, ಅಣ್ಣನಿಗೆ ನಾಲ್ಕು ವರ್ಷದ ಬಿ.ಎ. ಅವಕಾಶವಿತ್ತು, ತಂಗಿಗೆ ಮೂರೇ ವರ್ಷ ಅನ್ನುತ್ತಾರೆ, ಒಂದೇ ಕಾಲೇಜು, ಇದೆಂಥ ಕಥೆ ಅಂತ. ಕಾಲೇಜಿನವರು ಸುಳ್ಳು ಹೇಳುತ್ತಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮ ಕರ್ನಾಟಕ. 2021–22ರಲ್ಲಿ ಪದವಿಗೆ ಸೇರಿದವರಿಗೆ ನಾಲ್ಕನೆಯ ವರ್ಷ ಓದಿ ಆನರ್ಸ್ ಪಡೆಯುವ ದಾರಿ ತೆರೆಯಿತು. ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶವಾಗಿ, 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಯಾವುದು ಸರಿ ಎಂಬ ವಾದ ಇನ್ನೊಮ್ಮೆ ಆಡೋಣ. ಮಕ್ಕಳು ತಿಳಿಯಬೇಕಾದದ್ದು ಇಷ್ಟು: ಅವರವರು ಸೇರಿದ ವರ್ಷದ ನಿಯಮವೇ ಅವರವರಿಗೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬಾರದು. ಅವನು ಹೇಳುವುದು ಅವನ ಸ್ಕೀಮಿನ ಮಟ್ಟಿಗೆ ಸತ್ಯವೇ, ಇವಳಿಗೆ ಅನ್ವಯಿಸಬೇಕೆಂದೇನಿಲ್ಲ.

ಸ್ಕೀಮಿನ ಈ ಭೇದದ ಬಿಸಿ ಹೆಚ್ಚಾಗಿ ತಟ್ಟುವುದು ಓದಿನ ಕೊನೆಗೆ. ಕೆಲಸದ ಅರ್ಜಿಯಲ್ಲಿ ‘ಶೇಕಡಾ ಎಷ್ಟು’ ಎಂದು ಕೇಳುತ್ತಾರೆ. ವಿಟಿಯುನ 2018ರ ಸ್ಕೀಮಿನವರು ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು, 7.5 ಇದ್ದರೆ ಶೇ. 67.5. 2022ರ ಸ್ಕೀಮಿನವರು ನೇರ ಹತ್ತರಿಂದ ಗುಣಿಸುತ್ತಾರೆ, ಅದೇ 7.5 ಶೇ. 75 ಆಗುತ್ತದೆ. ಒಂದೇ ವಿಶ್ವವಿದ್ಯಾಲಯ, ಒಂದೇ ಸಿಜಿಪಿಎ, ನಡುವೆ ಏಳೂವರೆ. ಶೇ. 70 ಕಡ್ಡಾಯ ಎನ್ನುವ ಕಂಪನಿಯ ಬಾಗಿಲಲ್ಲಿ ಒಬ್ಬ ಒಳಗೆ, ಇನ್ನೊಬ್ಬ ಹೊರಗೆ. ತಮಗೆ ಅನುಕೂಲವಾದ ಸೂತ್ರ ಹಾಕಿಕೊಂಡು ಅರ್ಜಿ ತುಂಬಿದವರು ದಾಖಲೆ ಪರಿಶೀಲನೆಯ ದಿನ ಸಿಕ್ಕಿಬೀಳುತ್ತಾರೆ.

ಒಂದೆರಡು ವಿಷಯದಲ್ಲಿ ಬ್ಯಾಕ್ ಉಳಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದನ್ನೂ ಅದೇ ಪುಸ್ತಕ ಹೇಳುತ್ತದೆ. ನಾಲ್ಕು ವರ್ಷದ ಬಿ.ಇ. ಮುಗಿಸಲು ವಿಟಿಯು ಕೊಡುವ ಗರಿಷ್ಠ ಅವಧಿ ಎಂಟು ವರ್ಷ. ಎಲ್ಲ ಮುಗಿದ ಮೇಲೆ ಪದವಿ ಪತ್ರಕ್ಕಾಗಿ ವರ್ಷಗಟ್ಟಲೆ ಕಾಯಿಸುವಂತೆಯೂ ಇಲ್ಲ. ವಿದ್ಯಾರ್ಥಿ ಅರ್ಹತೆ ಪಡೆಯಬೇಕಾದ ದಿನದಿಂದ 180 ದಿನಗಳೊಳಗೆ ಪದವಿ ನೀಡಬೇಕೆಂದು ಯುಜಿಸಿಯ 2008ರ ನಿಯಮವಿದೆ. ಘಟಿಕೋತ್ಸವ ತಡವಾಗುತ್ತದೆ ಎಂಬ ಉತ್ತರ ಸಿಕ್ಕಾಗ ಈ ಸಾಲನ್ನು ವಿನಯದಿಂದ, ಲಿಖಿತವಾಗಿ ನೆನಪಿಸಬಹುದು. ಅಷ್ಟರವರೆಗೆ ಪಿ.ಡಿ.ಸಿ., ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ತಕರಾರು. ಈ ನಿಯಮಾವಳಿಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ, ಅದೂ ವಕೀಲರ ಇಂಗ್ಲಿಷಿನಲ್ಲಿ. ಮಗಳ ಫೀಸಿಗೆಂದು ಸೊಸೈಟಿಯಲ್ಲಿ ಸಾಲ ಎತ್ತಿದ ತಂದೆಗೆ ಮಗಳು ಯಾವ ಷರತ್ತಿನ ಮೇಲೆ ಪಾಸಾಗುತ್ತಾಳೆ ಎಂದು ಓದಿ ತಿಳಿಯುವ ದಾರಿ ಇಲ್ಲ. ನಗರದ ಮಗುವಿಗೆ ಇವನ್ನೆಲ್ಲ ಹೇಳಲು ಓದಿದ ಅಪ್ಪ, ಎಂಜಿನಿಯರ್ ಅತ್ತೆ ಇರುತ್ತಾರೆ. ಊರಿನಿಂದ ಮೊದಲ ಬಾರಿ ಕಾಲೇಜಿಗೆ ಹೋದವಳಿಗೆ ಹಾಸ್ಟೆಲಿನ ಗಾಳಿಮಾತೇ ಗತಿ. ಬರೆದಿಟ್ಟ ನಿಯಮ ಎಲ್ಲರಿಗೂ ಒಂದೇ ಇರಬಹುದು, ತಿಳಿದವರು ತಿಳಿಯದವರು ಎಂಬ ಭೇದ ಅಲ್ಲಿಂದಲೇ ಶುರುವಾಗುತ್ತದೆ. ಹಾಜರಿ, ಇಂಟರ್ನಲ್ಸ್, ಪಾಸಿನ ಅಂಕ, ಮರುಮೌಲ್ಯಮಾಪನ, ಪದವಿ ಪತ್ರ, ಈ ಐದನ್ನು ಸರಳ ಕನ್ನಡದಲ್ಲಿ ನಾಲ್ಕು ಪುಟಕ್ಕೆ ಇಳಿಸಿ, ದಾಖಲಾತಿಯ ದಿನವೇ ಪೋಷಕರ ಕೈಗೆ ಕೊಡುವುದು ಯಾವ ವಿಶ್ವವಿದ್ಯಾಲಯಕ್ಕೂ ಭಾರವಾಗಲಾರದು.

ಬಸ್ ನಿಲ್ದಾಣದ ದೀಪಕ್ಕಾಗಿ, ಗ್ರಂಥಾಲಯದ ಪತ್ರಿಕೆಗಳಿಗಾಗಿ ನೀವು ಇಲಾಖೆಗಳಿಗೆ ಪತ್ರ ಬರೆದು ಬೆನ್ನು ಹತ್ತಿ ಕೆಲಸ ಮಾಡಿಸಿದವರು. ಇದೊಂದು ಪತ್ರವನ್ನೂ ನೀವೇ ಬರೆಯಬೇಕು. ಕುಲಸಚಿವರು (ಮೌಲ್ಯಮಾಪನ) ಎಂಬ ವಿಳಾಸಕ್ಕೆ ಬರೆಯಿರಿ, ಪರೀಕ್ಷೆಯ ವಿಚಾರಕ್ಕೆ ಅವರೇ ಹೊಣೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಸ್ಕೀಮಿನ ನಿಯಮಗಳನ್ನು ಓದಿಸಿ, ನಿಮಗೆ ಅರ್ಥವಾಗದ ಸಾಲುಗಳನ್ನೇ ಪಟ್ಟಿ ಮಾಡಿ ಅದರಲ್ಲಿ ಸೇರಿಸಿ. ಅವಳಿಗೆ ಓದಿದಂತಾಯಿತು, ಅವರಿಗೆ ಮುಟ್ಟಿಸಿದಂತಾಯಿತು. ಕರಡು ನನಗೆ ಕಳಿಸಿ, ನಾನೂ ಸಹಿ ಹಾಕುತ್ತೇನೆ.



ಇಂತಿ ನಿಮ್ಮ,
ಹಳೆಯ ಮೇಷ್ಟ್ರು