ಚಕ್ಕಳದ ಗ್ಲೌಸು

ನಾವು ಒಂಬತ್ತು ಜನ. ಸಾಫ್ಟ್‌ಬಾಲ್ ಆಟಕ್ಕೆ ಬೇಕಾದವರೂ ಒಂಬತ್ತೇ ಜನ. ಹಾಗಾಗಿ ನಮ್ಮಲ್ಲಿ ಯಾರಿಗೂ ಜ್ವರ ಬರುವಂತಿರಲಿಲ್ಲ, ಯಾರಿಗೂ ಮದುವೆ ಗೊತ್ತಾಗುವಂತಿರಲಿಲ್ಲ.

1988ರಲ್ಲಿ ನಾವು ತಾಲೂಕಿನ ಕಾಲೇಜಿಗೆ ಸೇರಿದಾಗ ಹುಡುಗಿಯರ ತಂಡ ಇದ್ದದ್ದು ಕಾಗದದ ಮೇಲೆ. ಹೋದಲ್ಲೆಲ್ಲ ಸೋತು, ಆಡುವವರೇ ಇಲ್ಲದಂತಾಗಿತ್ತು. ಅದರ ಹಿಂದಿನ ವರ್ಷ ಕೆಲಸಕ್ಕೆ ಬಂದಿದ್ದ ವ್ಯಾಯಾಮದ ಮೇಡಂ ಒಂದು ಸಂಜೆ ನಮ್ಮ ಹಾಸ್ಟೆಲ್ಲಿಗೇ ಬಂದರು.

‘ಬ್ಯಾಟು ಹಿಡಿದು ಗೊತ್ತೇನ್ರಮ್ಮಾ?’

‘ಇಲ್ಲ ಮೇಡಂ. ಒನಕೆ ಹಿಡಿದು ಗೊತ್ತು.’

‘ಸಾಕು, ಬನ್ನಿ.’

ಮಾರನೆ ದಿನ ಬೆಳಕು ಹರಿಯೋ ಹೊತ್ತಿಗೆ ಮೈದಾನದಲ್ಲಿದ್ದೆವು. ಮೇಡಂ ಒಂದು ಗೋಣಿಚೀಲ ಬಿಚ್ಚಿದರು. ಎರಡು ಬ್ಯಾಟು, ಮೂರು ಚೆಂಡು, ಆರು ಗ್ಲೌಸು. ಗ್ಲೌಸು ಕಿತ್ತುಹೋಗಿದ್ದವು, ಚೆಂಡಿನ ಹೊಲಿಗೆ ಬಾಯಿಬಿಟ್ಟಿತ್ತು. ನಮ್ಮಲ್ಲೊಬ್ಬಳು ಗ್ಲೌಸು ಮೂಸಿ ನೋಡಿ ನಕ್ಕಳು: ‘ಇದು ಚಕ್ಕಳ ಅಲ್ವಾ ಮೇಡಂ! ನಮ್ಮಪ್ಪ ಹೊಲೀತಾನೆ ಕೊಡಿ.’

ಆ ಭಾನುವಾರ ಅವರಪ್ಪ ಕೇರಿಯ ಬೇವಿನ ಮರದಡಿ ಕೂತು ಉಳಿ ಹಿಡಿದು, ಮೇಣ ತಿಕ್ಕಿದ ದಾರದಲ್ಲಿ ಆರೂ ಗ್ಲೌಸು ಹೊಲಿದುಕೊಟ್ಟ. ಚೆಂಡು ತಿರುಗಿಸಿ ನೋಡಿ, ‘ಹೊಲಿದೋನು ಗಟ್ಟಿಗ ಕಣವ್ವಾ’ ಅಂದ. ಚಕ್ಕಳ ಮುಟ್ಟಿದರೆ ಮೈಲಿಗೆ ಅಂತಿದ್ದ ಮನೆಗಳ ಹುಡುಗಿಯರೂ ಮರುವರ್ಷ ಆ ಗ್ಲೌಸಿಗೆ ಕೈ ತೂರಿಸಿದರು. ಅದನ್ನು ಹೊಲಿದವನ ಮನೆಯ ನೀರು ಮಾತ್ರ ಅವರ ಗಂಟಲಿಗೆ ಇಳಿಯಲಿಲ್ಲ.

ಮೊದಲ ಪಂದ್ಯ ಏಳು ಇನ್ನಿಂಗ್ಸಿನದು. ರನ್ನಿನ ಅಂತರ ಬಹಳವಾಯಿತೆಂದು ಐದಕ್ಕೇ ಮುಗಿಸಿ ಕಳಿಸಿದರು. ಬಸ್ಸಿನಲ್ಲಿ ನಾವು ಅಳುತ್ತಾ ಕೂತಿದ್ದೆವು. ಮೇಡಂ ಕಡಲೆಕಾಯಿ ಹಂಚಿ, ‘ಇವತ್ತು ಎಷ್ಟು ಚೆಂಡು ಹಿಡಿದ್ರಿ, ಅದನ್ನ ಹೇಳಿ’ ಅಂದರು. ಎಣಿಸಿದೆವು. ಹನ್ನೊಂದು. ‘ಮುಂದಿನ ಸಲ ಹನ್ನೆರಡು’ ಅಂದರು. ಅವರ ವಿದ್ಯೆ ಇಷ್ಟೇ. ಅರವತ್ತು ಅಡಿಗೊಂದು ಬೇಸು. ನಾಲ್ಕು ಮುಗಿಸಿ ಮನೆ ಸೇರಬೇಕು. ಆ ಅರವತ್ತು ಅಡಿಯನ್ನು ದಿನಕ್ಕೆ ನೂರು ಸಲ ಓಡಿಸಿದರು. ಮೆಸ್ಸಿನವರ ಜೊತೆ ಜಗಳ ಆಡಿ ನಮಗೆ ವಾರಕ್ಕೆ ಮೂರು ಮೊಟ್ಟೆ ಕೊಡಿಸಿದರು. ಒಬ್ಬಳಿಗೆ ಗಂಡು ಗೊತ್ತಾದಾಗ ಅವಳ ಊರಿಗೇ ಹೋಗಿ, ಜಗಲಿ ಮೇಲೆ ಕೂತು, ಪರೀಕ್ಷೆ ಮುಗಿಯೋವರೆಗೂ ಮದುವೆ ಮುಂದಕ್ಕೆ ಹಾಕಿಸಿ ಬಂದರು.

ಮೇಡಂ ಯಾವ ಜಾತಿ ಅಂತ ನಾವು ಕೇಳಲಿಲ್ಲ. ಊರು ಕೇಳಿತು.

ಒಂದು ಪಂದ್ಯಾವಳಿಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟ ಇಟ್ಟು, ನಮಗೆ ನೀರನ್ನು ಬೊಗಸೆಗೆ ಹುಯ್ದರು. ಮೇಡಂ ಜಗಳಕ್ಕೆ ನಿಂತರು. ಲೋಟ ಬಂತು. ನಾವು ಕುಡಿಯಲಿಲ್ಲ. ಆ ರಾತ್ರಿ ಅವರು ಪಾಲ್ವಂಕರ್ ಬಾಲೂ ಕತೆ ಹೇಳಿದರು. ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರರ ಮನೆಯವರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಕ್ರಿಕೆಟ್ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಅವರು ಎಸೆದ ಚೆಂಡನ್ನು ಜೊತೆಯವರು ಮುಟ್ಟುತ್ತಿದ್ದರು. ಚಹಾ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಲೋಟದಲ್ಲಿ. ಅವರನ್ನು ಕೊನೆವರೆಗೂ ನಾಯಕ ಮಾಡಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ‘ಒಂದು ಬೇಸು ದಾಟೋಕೆ ಅಣ್ಣತಮ್ಮ ಇಬ್ಬರು ಬೇಕಾಯ್ತು ಕಣ್ರೇ’ ಅಂದರು ಮೇಡಂ. ಬೆಳಗ್ಗೆ ನಾವು ಗೆದ್ದೆವು. ನಮ್ಮ ಮೊದಲ ಗೆಲುವು ಅದು.

ಮೂರನೇ ವರ್ಷ ಅಂತರ ಕಾಲೇಜು ಫೈನಲ್ಲಿಗೆ ಹೋಗಿ, ಒಂದೇ ರನ್ನಿಗೆ ಸೋತೆವು. ಕಾಲೇಜಿನ ಫೋಟೋದಲ್ಲಿ ಕುರ್ಚಿ ಮೇಲೆ ಕೂತವರು ಆಡದವರು. ಮೇಡಂ ನಮ್ಮ ಜೊತೆ ನೆಲದ ಮೇಲೆ ಕೂತರು. ಆಮೇಲಿನ ತಂಡಗಳು ಕಪ್ಪು ತಂದವು. ನಮ್ಮಲ್ಲಿ ಇಬ್ಬರು ಪೊಲೀಸ್ ಆದರು, ಮೂವರು ಟೀಚರ್. ಒಬ್ಬಳು ಈಗಲೂ ಕೂಲಿಗೆ ಹೋಗುತ್ತಾಳೆ. ಅವಳೇ ನಮ್ಮ ಪಿಚ್ಚರ್, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಿದವಳು.

1972ರಲ್ಲಿ ಅಮೆರಿಕ ಒಂದು ಕಾನೂನು ತಂದಿತು: ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು. ಅದರ ಹೆಸರಲ್ಲೂ ಒಂಬತ್ತಿದೆ, ಟೈಟಲ್ ನೈನ್. ಓಕ್ಲಹೋಮ ವಿಶ್ವವಿದ್ಯಾಲಯದ ಕೋಚ್ ಪ್ಯಾಟಿ ಗ್ಯಾಸೊ 1995ರಲ್ಲಿ ತಂಡ ನಡೆಸತೊಡಗಿದಾಗ ಹುಡುಗಿಯರಿಗೆ ಸ್ವಂತ ಮೈದಾನ ಇರಲಿಲ್ಲ, ಊರಿನ ಪಾರ್ಕಿನಲ್ಲಿ ಆಡುತ್ತಿದ್ದರು. 1998ರಲ್ಲಿ ಮೈದಾನ ಬಂತು. 2000ದಲ್ಲಿ ರಾಷ್ಟ್ರದ ಚಾಂಪಿಯನ್ ಆದರು. 2024ರ ಹೊತ್ತಿಗೆ ಎಂಟು ಸಲ. ಆಕೆಯ ದುಡಿಮೆ ದೊಡ್ಡದು. ಆ ದುಡಿಮೆಯ ಬೆನ್ನಿಗೆ ಕಾನೂನಿತ್ತು, ಕಾಸಿತ್ತು. ನಮ್ಮ ಮೇಡಂ ದುಡಿಮೆಯ ಬೆನ್ನಿಗಿದ್ದದ್ದು ಒಂದು ಗೋಣಿಚೀಲ. ನಮ್ಮ ಸಂವಿಧಾನದ 15ನೇ ವಿಧಿ 1950ರಿಂದಲೂ ಇದೆ. ಅದು ಬೊಗಸೆಗೆ ನೀರು ಹುಯ್ದವರ ಕಿವಿಗೆ ಬಿದ್ದಿರಲಿಲ್ಲ.

ಮೇಡಂ 2016ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹೋದ ತಿಂಗಳು ನಾವು ಕಾಲೇಜಿಗೆ ಹೋಗಿದ್ದೆವು. ಆಟದ ಸಾಮಾನಿನ ಕೋಣೆಗೆ ಬೀಗ. ಕಿಟಕಿಯಿಂದ ಇಣುಕಿದರೆ ಅದೇ ಚೀಲ, ಮೇಲೆ ಧೂಳು. ‘ಬೀಗದ ಕೈ ಯಾರ ಹತ್ರ?’ ಅಂದೆವು. ಯಾರಿಗೂ ಗೊತ್ತಿರಲಿಲ್ಲ. ಜಾಗ ತುಂಬಿ ಅಂತ ಅರ್ಜಿ ಬರೆದು, ಒಂಬತ್ತು ಜನವೂ ಸಹಿ ಹಾಕಿ ಕೊಟ್ಟು ಬಂದಿದ್ದೇವೆ.

ಇದನ್ನು ಓದುವ ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲೂ ಅಂಥದೊಂದು ಕೋಣೆ ಇರುತ್ತದೆ. ಅದರ ಬೀಗದ ಕೈ ಯಾರ ಹತ್ತಿರ ಇದೆ, ನಾಳೆ ಬೆಳಗ್ಗೆ ಕೇಳಿ.