ವೈಟ್‌ಫೀಲ್ಡಿನಲ್ಲಿ ಮನೆ ಕೊಳ್ಳುವವರಿಗೆ

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡಿನ ಹೆಸರನ್ನು ಕೇಳಿದೊಡನೆ ಗಾಜಿನ ಸೌಧಗಳೂ ಗಣಕಯಂತ್ರದ ಕಚೇರಿಗಳೂ ನೆನಪಿಗೆ ಬರುವುವು. ಆದರೆ ಈ ಊರು ಹುಟ್ಟಿದ್ದು ಬೇಸಾಯಕ್ಕಾಗಿ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರವರು ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲಸಲೆಂದು ಅವರ ಸಂಘಕ್ಕೆ ಇಲ್ಲಿ ಸುಮಾರು 3,900 ಎಕರೆ ನೆಲವನ್ನು ದಯಪಾಲಿಸಿದರು. ಆ ಜನರ ಮುಂದಾಳಾಗಿದ್ದ ಡಿ. ಎಸ್. ವೈಟ್‌ರವರ ಹೆಸರೇ ಊರಿಗೆ ನಿಂತಿತು.

2023ರ ಮಾರ್ಚಿಯಿಂದ ಮೆಟ್ರೋ ರೈಲು ಇಲ್ಲಿನ ಕಾಡುಗೋಡಿಯವರೆಗೂ ಬರುತ್ತಿರುವುದು. ಅಲ್ಲಿಳಿದು ‘ಇನ್ನರ್ ಸರ್ಕಲ್’ ಎಂಬ ಹಳೆಯ ಭಾಗಕ್ಕೆ ಹೋದವರು ಒಂದು ಸಂಗತಿಯನ್ನು ಗಮನಿಸಬೇಕು. ಊರನ್ನು ಏರ್ಪಡಿಸಿದವರು ನಡುವೆ ಎಲ್ಲರಿಗೂ ಸೇರಿದ ಬಯಲನ್ನು ಬಿಟ್ಟು, ಅದನ್ನು ಬಳಸಿ ದುಂಡಾಗಿ ದಾರಿಯನ್ನು ಮಾಡಿ, ಅದರ ಹೊರಬದಿಗೆ ಮನೆಗಳನ್ನು ಇರಿಸಿದರು. ಹಳೆಯ ಬಂಗಲೆಗಳು ಕೆಲವೇ ಉಳಿದಿದ್ದರೂ ಆ ವಿನ್ಯಾಸದ ಗುರುತು ಅಳಿದಿಲ್ಲ.

ಸುತ್ತಣ ಹಳ್ಳಿಗಳ ಹೊಲಗಳು ಈಚೆಗೆ ನಿವೇಶನಗಳಾದ ಬಗೆಯೇ ಬೇರೆ. ಎಕರೆಗೆ 43,560 ಚದರ ಅಡಿ. ಮೂವತ್ತು-ನಲವತ್ತರ ನಿವೇಶನಕ್ಕೆ 1,200. ಒಂದಂಗುಲವನ್ನೂ ಬಿಡದೆ ಹಂಚಿದರೆ ಎಕರೆಗೆ 36 ನಿವೇಶನಗಳಾಗುವುವು. ದಾರಿಗೂ ಚರಂಡಿಗೂ ಬಿಟ್ಟಷ್ಟು ನೆಲವು ಮಾರುವವನಿಗೆ ನಷ್ಟ. ಆದುದರಿಂದಲೇ ಎಷ್ಟೋ ಕಡೆ ದಾರಿಯು ಓಣಿಯಾಗಿರುವುದು. ಅಂತಹ ಓಣಿಯಲ್ಲಿ ಹೊಸ ಮನೆಯನ್ನು ನೋಡಲು ಬಂದ ಗೃಹಸ್ಥರು ಬಾಗಿಲ ಮರವನ್ನು ತಟ್ಟಿ ನೋಡುವರು, ನೆಲದ ಹಾಸುಗಲ್ಲನ್ನು ಮೆಚ್ಚುವರು; ಬಂದ ದಾರಿ ಯಾರದೆಂದು ಕೇಳುವವರು ವಿರಳ.

ಆದರೆ ಕೇಳಲೇಬೇಕಾದ ಪ್ರಶ್ನೆ ಅದೇ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಯಾವ ದಿಕ್ಕಿಗೆ ರಸ್ತೆ, ಅದರ ಅಗಲವೆಷ್ಟು ಎಂಬುದು ಸ್ಪಷ್ಟವಾಗಿರಬೇಕು. ಪಹಣಿಯಲ್ಲಿ ಆ ದಾರಿಯ ನೆಲವು ಇನ್ನೂ ಹಳೆಯ ಒಡೆಯನ ಹೆಸರಿನಲ್ಲಿಯೇ ಉಳಿದಿದ್ದರೆ ಮುಂದೆ ವ್ಯಾಜ್ಯಕ್ಕೆ ಎಡೆಯುಂಟು. ಸಾಗುವಳಿಯ ಭೂಮಿಯು ಪರಿವರ್ತನೆಯಾದ ಮಾತ್ರಕ್ಕೆ ಬಡಾವಣೆಯ ನಕ್ಷೆ ಮಂಜೂರಾಯಿತೆಂದು ತಿಳಿಯಲಾಗದು. ಖಾತೆಯಾದರೂ ತೆರಿಗೆಯ ಲೆಕ್ಕವೇ ಹೊರತು ಒಡೆತನಕ್ಕೆ ಪ್ರಮಾಣವಲ್ಲ. ಮೂಲಪತ್ರಗಳನ್ನೂ ಋಣಭಾರ ಪತ್ರವನ್ನೂ ಬಲ್ಲ ವಕೀಲರಿಗೆ ತೋರಿಸುವುದು ಲೇಸು. ಗ್ರಾಮನಕ್ಷೆಯಲ್ಲಿ ರಾಜಕಾಲುವೆ ಎಲ್ಲಿ ಹರಿದಿದೆಯೆಂಬುದನ್ನೂ ನೋಡಬೇಕು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಕಡೆಯ ಸಿರಿವಂತ ಬಡಾವಣೆಗಳೂ ಜಲಾವೃತವಾದುದನ್ನು ಎಲ್ಲರೂ ಬಲ್ಲರು.

ಇದು ಕೇವಲ ಕಾಗದಪತ್ರದ ಮಾತಲ್ಲ. ನೀರಿನ ಟ್ಯಾಂಕರು ಒಳಹೊಗಲಾರದ ಓಣಿಯಲ್ಲಿ ಬೇಸಗೆಯ ಕೊಡಗಳನ್ನು ಹೊರುವವಳು ಮನೆಯೊಡತಿ. ನಡುರಾತ್ರಿ ವೃದ್ಧ ತಂದೆಗೆ ಕಾಯಿಲೆ ಬಿಗಡಾಯಿಸಿದರೆ ಆಂಬುಲೆನ್ಸು ತಿರುವಿನಲ್ಲಿಯೇ ನಿಲ್ಲುವುದು. ಆಯುಷ್ಯದ ಉಳಿತಾಯವನ್ನು ಸುರಿದು, ಇಪ್ಪತ್ತು ವರ್ಷಗಳ ಸಾಲವನ್ನು ಹೊತ್ತು ಕೊಂಡ ಮನೆಯ ಸುಖವು ಗೋಡೆಯ ಒಳಗೆ ಎಷ್ಟಿದೆಯೋ ಹೊರಗೂ ಅಷ್ಟೇ ಇರುವುದು. ಗೋಡೆಯನ್ನು ಎಂದಾದರೂ ಒಡೆದು ಕಟ್ಟಿಸಬಹುದು. ಒಮ್ಮೆ ಮಾರಿಹೋದ ದಾರಿಯನ್ನು ಮರಳಿ ಪಡೆಯುವುದು ಬಲು ಕಷ್ಟ.