ಅಕ್ಷರಗುಂಡಿನ ಕೆಳಗೊಂದು ರೊಪ್ಪ

ಚಳ್ಳಕೆರೆಯನ್ನು ಬಿಟ್ಟು ಬಳ್ಳಾರಿಯ ಹೆದ್ದಾರಿಯನ್ನು ಹಿಡಿದಾಗ ಪೂರ್ವದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಎಣ್ಣೆಗಿರಣಿಗಳ ಊರು ಮರೆಯಾದಂತೆ ಇಕ್ಕೆಲಗಳಲ್ಲಿಯೂ ಶೇಂಗಾದ ಹೊಲಗಳು ತೆರೆದುಕೊಂಡವು. ಹೊಲಗಳ ಅಂಚಿಗೆ ಜಾಲಿ. ಅಲ್ಲೊಂದು ಇಲ್ಲೊಂದು ಬೇವು, ಹುಣಿಸೆ. ಅವುಗಳಾಚೆ, ದೈತ್ಯರ ಮಕ್ಕಳು ಆಟಕ್ಕೆಂದು ಬಂಡೆಗಳನ್ನು ಪೇರಿಸಿ ಎದ್ದುಹೋದಂತೆ ತೋರುವ ಬೋಳುಗುಡ್ಡಗಳು. ಮಳೆರಾಯನು ಬಹಳ ಜಿಪುಣತನ ತೋರುವ ಸೀಮೆಯಿದು. ಬೆಳೆ ಕೈಕೊಟ್ಟ ವರ್ಷ ಇಲ್ಲಿಯವರ ಕೈ ಹಿಡಿಯುವುದು ಕುರಿ. ಚಳ್ಳಕೆರೆಯ ಕರಿಯ ಕಂಬಳಿಯ ಹೆಸರನ್ನು ಕೇಳದವರಾರು?

ನಾವು ಮೂವರಿದ್ದೆವು. ಚರಿತ್ರೆಯನ್ನು ಬೋಧಿಸಿ ನಿವೃತ್ತರಾದ ಮೇಷ್ಟರೊಬ್ಬರು, ಪಶುವೈದ್ಯರೊಬ್ಬರು, ನಾನು. ನಮ್ಮ ಮೂವರ ಸ್ನೇಹಕ್ಕೆ ನಾಯಿಗಳೇ ಕಾರಣ. ಬೆಳಗಿನ ಹೊತ್ತು ಒಂದೇ ಬಯಲಿನಲ್ಲಿ ನಾಯಿಗಳನ್ನು ತಿರುಗಾಡಿಸುತ್ತ ಪರಿಚಯವಾದವರು ನಾವು. ಆದ್ದರಿಂದ ಅಶೋಕನ ಶಾಸನವನ್ನು ನೋಡಲು ಬ್ರಹ್ಮಗಿರಿಗೆ ಹೊರಟ ಕಾರಿನಲ್ಲಿಯೂ ಮಾತು ಅಶೋಕನನ್ನು ಬಿಟ್ಟು ನಾಯಿಗಳ ಸುತ್ತಲೇ ಸುತ್ತುತ್ತಿದ್ದುದರಲ್ಲಿ ಆಶ್ಚರ್ಯವಿರಲಿಲ್ಲ.

ಮೇಷ್ಟರು ತಮ್ಮ ನಾಯಿಗೆ ವಾರಕ್ಕೆರಡು ಸಲ ಸ್ನಾನ ಮಾಡಿಸುವುದನ್ನು ಹೆಮ್ಮೆಯಿಂದ ಹೇಳಿದರು. ಅಷ್ಟು ಮಾಡಿಸಿದರೆ ಚರ್ಮದ ಜಿಡ್ಡೆಲ್ಲ ಹೋಗಿ ತುರಿಕೆ ಹತ್ತುವುದೆಂದೂ, ದಿನವೂ ಮೈ ಬಾಚಿದರೆ ಸ್ನಾನದ ಅಗತ್ಯ ಬಹುಮಟ್ಟಿಗೆ ತಪ್ಪುವುದೆಂದೂ ಡಾಕ್ಟರು ತಿಳಿಸಿದರು. ರಾಗಿಮುದ್ದೆ, ಮಜ್ಜಿಗೆ, ಬೇಯಿಸಿದ ಮೊಟ್ಟೆ ಎಲ್ಲವೂ ಆಗಬಹುದು. ಈರುಳ್ಳಿ ಮಾತ್ರ ಕೂಡದು, ಅದು ನಾಯಿಯ ರಕ್ತವನ್ನೇ ಕೆಡಿಸುತ್ತದೆ. ದ್ರಾಕ್ಷಿ, ಚಾಕೊಲೇಟು ಕೂಡ ವಿಷ. ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚೀತು. ಹೀಗೆ ಮಾತು ಸಾಗಿರಲು ನಾನು ಸುಮ್ಮನಾದೆ. ಕೆಲವು ವರ್ಷಗಳ ಹಿಂದೆ ನಾನೊಂದು ಮರಿಯನ್ನು ತಂದಿದ್ದೆ. ಆರರಿಂದ ಎಂಟು ವಾರದೊಳಗೆ ಹಾಕಿಸಬೇಕಾದ ಮೊದಲ ಸೂಜಿಯನ್ನು "ನಾಳೆ, ನಾಳಿದ್ದು" ಎಂದು ಮುಂದೂಡಿದೆ. ಒಂದು ದಿನ ಅದು ಅನ್ನ ಬಿಟ್ಟಿತು, ಮರುದಿನ ವಾಂತಿ, ಅದರ ಮರುದಿನ ರಕ್ತಭೇದಿ. ಪಾರ್ವೊ ಎಂಬ ಆ ರೋಗದ ಹೆಸರನ್ನು ನಾನು ತಿಳಿದುಕೊಂಡುದು ಅದು ಸತ್ತ ಮೇಲೆ. ತಪ್ಪು ನನ್ನದೇ. ಇಂದಿಗೂ ಅದರ ಪುಟ್ಟ ತಟ್ಟೆಯನ್ನು ಬಿಸಾಡಲು ನನಗೆ ಮನಸ್ಸು ಬಂದಿಲ್ಲ.

ಹೆದ್ದಾರಿಯನ್ನು ಬಿಟ್ಟು ಒಳದಾರಿಯಲ್ಲಿ ಸಿದ್ದಾಪುರವನ್ನು ಸೇರಿದಾಗ ಬಿಸಿಲು ಏರಿತ್ತು. ಚಿನ್ನ ಹಗರಿಯ ಬಯಲಿನಲ್ಲಿ ಒಂಟಿಯಾಗಿ ನಿಂತ ಬ್ರಹ್ಮಗಿರಿಯ ಮೈಯೆಲ್ಲ ಬಂಡೆ. ಅದರ ಬುಡದಲ್ಲಿ, ಈಗ ಕಟ್ಟಡದ ನೆರಳಿನಲ್ಲಿರುವ ಹಾಸುಗಲ್ಲನ್ನು ಸುತ್ತಲಿನ ಜನ ಹಿಂದಿನಿಂದಲೂ ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅಕ್ಷರವಿದೆಯೆಂಬುದು ಅವರಿಗೆ ಗೊತ್ತು. ಏನು ಬರೆದಿದೆಯೆಂಬುದು ಗೊತ್ತಿರಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ ಸಿದ್ದಾಪುರದಲ್ಲಿಯೂ ಜಟಿಂಗರಾಮೇಶ್ವರ ಬೆಟ್ಟದಲ್ಲಿಯೂ ಮೂರು ಶಾಸನಗಳನ್ನು ಗುರುತಿಸಿದಾಗ, ಮೌರ್ಯ ಸಾಮ್ರಾಜ್ಯ ಕನ್ನಡ ನಾಡಿನವರೆಗೆ ಹಬ್ಬಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ದೊರೆತಂತಾಯಿತು. ಮುಂದೆ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ನೆಲವನ್ನಗೆದು, ಕಲ್ಲಿನ ಕೊಡಲಿಗಳ ಕಾಲದಿಂದ ಹಿಡಿದು ಜನವಸತಿಯ ಪದರಗಳನ್ನು ತೆರೆದು ತೋರಿಸಿದರು. ಕಲ್ಲುವೃತ್ತದ ಗೋರಿಗಳನ್ನು ಕಟ್ಟಿದ ಜನರೂ ಈ ಗುಡ್ಡದ ನೆರಳಿನಲ್ಲಿಯೇ ಬಾಳಿದ್ದವರು.

ಮೇಷ್ಟರು ಮೊಣಕಾಲೂರಿ ಕುಳಿತು ಶಾಸನದ ತಾತ್ಪರ್ಯವನ್ನು ಹೇಳತೊಡಗಿದರು. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಓಲೆಯಿದು. ಅಪ್ಪಣೆಯನ್ನು ತಿಳಿಸುವ ಮೊದಲು ಅದು ಇಸಿಲದವರ ಆರೋಗ್ಯವನ್ನು ಕೋರುತ್ತದೆ. ತಂದೆತಾಯಿಗಳ ಮಾತು ಕೇಳಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶಗಳ ನಡುವೆ ಪ್ರಾಣಿಗಳ ವಿಷಯವೂ ಬರುತ್ತದೆ. ಜೀವಿಗಳ ಮೇಲಿನ ದಯೆ ದೃಢವಾಗಿರಬೇಕು ಎಂಬುದು ಅದರ ಭಾವ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ಗಾಂಧಾರದ ಕಡೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ.

"ದಯೆ ಇರಬೇಕೆಂದು ಹೇಳಿದ್ದರೆ ಸಾಕಾಗಿತ್ತಲ್ಲ, ದೃಢವಾಗಿ ಎಂದೇಕೆ?" ಎಂದು ನಾನು ಕೇಳಿದೆ. ಮೇಷ್ಟರು ನಕ್ಕು ಉತ್ತರ ಕೊಡದೆ ಎದ್ದರು. ಉತ್ತರ ನನಗೆ ದೊರೆತುದು ಇನ್ನೊಂದು ಗಂಟೆಯ ಮೇಲೆ.

ಬೆಟ್ಟದ ಬಳಿಯ ಒಂದು ಹಳ್ಳಿಯ ಹೆಸರೇ ರೊಪ್ಪ. ಕುರಿಗಳನ್ನು ಕೂಡುವ ಬೇಲಿಗೆ ಈ ಸೀಮೆಯವರು ಹೇಳುವ ಹೆಸರು ಅದು. ಬಂಡೆಯೊಂದರ ಮರೆಯಲ್ಲಿ ಮುಳ್ಳುಬೇಲಿಯ ನಿಜವಾದ ರೊಪ್ಪವೂ ಕಂಡಿತು. ನಾವು ಹತ್ತಿರ ಹೋಗುತ್ತಲೇ ಕರಿ, ಕಂದು ಬಣ್ಣದ ನಾಯಿಗಳು ಬೊಗಳುತ್ತ ಅಡ್ಡಬಂದವು. ಒಳಗಿನಿಂದ ಬಂದ ಮುದುಕನ ಒಂದೇ ಸಿಳ್ಳಿಗೆ ಅಷ್ಟೂ ಬಾಯಿ ಮುಚ್ಚಿ ನೆಲಕ್ಕೆ ಕುಳಿತವು. ಡಾಕ್ಟರ ಮುಖ ಅರಳಿತು.

"ಚೆನ್ನಾಗಿ ಕಲಿಸಿದ್ದೀರಿ ಯಜಮಾನರೇ. ಹೊಡೆದೇ ಕಲಿಸಿದಿರಾ?"

"ಹೊಡೆದ್ರೆ ನಾಯಿ ಕಲಿಯಲ್ಲ ಸ್ವಾಮಿ, ಹೆದರ್ತದೆ. ಹೆದರಿದ್ ನಾಯೇ ಮೊದ್ಲು ಕಚ್ಚೋದು. ಕಣ್ ಬಿಡ್ತಲೂ ಕುರಿಮರಿ ಜೊತೇಲೇ ಬಿಡ್ತೀವಿ. ಅವೂ ಮರಿ, ಇವೂ ಮರಿ. ಆಮೇಲೆ ಮಂದೆ ಬಿಟ್ಟು ಎಲ್ಲಿಗ್ ಹೋದಾವು?"

ಪುಸ್ತಕ ಹೇಳುವುದೂ ಇದನ್ನೇ ಎಂದು ಡಾಕ್ಟರು ನಮ್ಮತ್ತ ತಿರುಗಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿ ಯಾರ ಜೊತೆ ಬೆರೆಯುವುದೋ ಅವರನ್ನು ಬಾಳೆಲ್ಲ ತನ್ನವರೆಂದು ತಿಳಿಯುತ್ತದೆ. ಪೇಟೆಯವರು ಆ ಅವಧಿಯಲ್ಲಿ ಮರಿಗೆ ಮಕ್ಕಳನ್ನು, ಸೈಕಲ್ಲನ್ನು, ಅಂಚೆಯವನನ್ನು ಮೆಲ್ಲನೆ ಪರಿಚಯ ಮಾಡಿಸಬೇಕು. ಚಪ್ಪಲಿ ಕಡಿದು ಗಂಟೆಯಾದ ಮೇಲೆ ಬೈದರೆ ಅದಕ್ಕೆ ಅರ್ಥವಾಗುವುದಿಲ್ಲ. ಹೇಳಿದ ಮಾತು ಕೇಳಿದ ಕ್ಷಣದಲ್ಲಿಯೇ ಒಂದು ತುಣುಕು ರೊಟ್ಟಿ ಕೊಟ್ಟರೆ ಅರ್ಥವಾಗುತ್ತದೆ. ಒಂದು ಕೆಲಸಕ್ಕೆ ಒಂದೇ ಮಾತು. ಅಪ್ಪನೊಂದು, ಮಗನೊಂದು ಹೇಳಬಾರದು.

ನೆರಳಿನಲ್ಲಿ ಕುಳಿತು ಮಾತಿಗೆ ತೊಡಗಿದಾಗ ಡಾಕ್ಟರು ಒಟ್ಟು ಜೀವ ಎಷ್ಟಿವೆಯೆಂದು ಕೇಳಿದರು. ಅಜ್ಜ ಬೆರಳು ಮಡಿಚದೆ ಹೇಳಿದ: ಕುರಿ ನೂರಾ ನಲವತ್ತು, ಮರಿ ಮೂವತ್ತೆರಡು, ಟಗರು ನಾಲ್ಕು, ಮೇಕೆ ಹನ್ನೊಂದು. ಕರುಳುಬೇನೆಗೂ ನೀಲಿನಾಲಗೆಗೂ ಸೂಜಿ ಹಾಕಿಸಿದ್ದಾಗಿದೆ. ನಾಯಿಗಳನ್ನು ಅವನು ಎಣಿಸಲೇ ಇಲ್ಲ.

"ನಾಯಿಗಳಿಗೆ?"

"ನಾಯಿಗ್ಯಾರು ಸೂಜಿ ಹಾಕಿಸ್ತಾರೆ ಸ್ವಾಮಿ? ಸಂತೇಲಿ ಅದಕ್ಕೇನು ಬೆಲೆ?"

ಅಷ್ಟರಲ್ಲಿ ಅಜ್ಜನ ಮೊಮ್ಮಗ ಕೊಡದಲ್ಲಿ ನೀರು ಹೊತ್ತು ಬಂದ. ಎಂಟು ಒಂಬತ್ತರ ಪ್ರಾಯ. ಎಡಗಾಲನ್ನು ಕುಂಟುತ್ತಿದ್ದ. ಮೀನಖಂಡದ ಮೇಲೆ ಸುಣ್ಣ, ಮೆಣಸಿನಪುಡಿ ಮೆತ್ತಿದ ಗಾಯ. ನಾಲ್ಕು ದಿನಗಳ ಹಿಂದೆ ಎಲ್ಲಿಂದಲೋ ಬಂದ ನಾಯಿಯೊಂದು ಮಂದೆಗೆ ನುಗ್ಗಿತಂತೆ, ಹುಡುಗನನ್ನು ಕಚ್ಚಿತಂತೆ, ಅಜ್ಜನ ಕರಿಯ ಅದರ ಮೇಲೆ ಬಿದ್ದು ಓಡಿಸಿತಂತೆ. ಕರಿಯನ ಕಿವಿಯೂ ಹರಿದಿತ್ತು. ಬಂದ ನಾಯಿ ಮತ್ತೆ ಕಾಣಿಸಲಿಲ್ಲ.

ಡಾಕ್ಟರು ಎದ್ದು ನಿಂತರು. ಕಾರಿನಿಂದ ಸೋಪು ತರಿಸಿ, ಹುಡುಗನನ್ನು ಬಂಡೆಯ ಮೇಲೆ ಕೂರಿಸಿ, ಸುಣ್ಣ ಮೆಣಸನ್ನೆಲ್ಲ ತೊಳೆದು, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಗಾಯದ ಮೇಲೆ ನೀರು ಹರಿಸಿದರು. ಕಚ್ಚಿದ ತಕ್ಷಣ ಮಾಡಬೇಕಾದ ಮೊದಲ ಚಿಕಿತ್ಸೆ ಇದೇ, ತಡವಾದರೂ ಬಿಡಬಾರದು. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ವಿಷಾಣು ಗಾಯದಿಂದ ನರಗಳ ದಾರಿ ಹಿಡಿದು ಮೆಲ್ಲನೆ ಮಿದುಳಿನತ್ತ ನಡೆಯುತ್ತದೆ. ವಾರಗಳಾಗಬಹುದು, ತಿಂಗಳುಗಳಾಗಬಹುದು. ಆ ಪಯಣ ಮುಗಿಯುವುದರೊಳಗೆ ಲಸಿಕೆ ಕೆಲಸ ಮಾಡಿದರೆ ಜೀವ ಉಳಿಯುತ್ತದೆ. ನೀರು ಕಂಡರೆ ಬೆದರುವ ಹಂತ ತಲುಪಿದ ಮೇಲೆ ಯಾವ ವೈದ್ಯನ ಕೈಯಲ್ಲಿಯೂ ಏನೂ ಇಲ್ಲ.

"ಇವತ್ತೇ ಆಸ್ಪತ್ರೆಗೆ ಹೊರಡಬೇಕು ಯಜಮಾನರೇ."

"ಹೊಟ್ಟೆಗೆ ಹದಿನಾಲ್ಕು ಚುಚ್ಚೋದಲ್ವಾ ಸ್ವಾಮಿ? ಕೂಸು ತಡಕೊಂಡೀತಾ? ಮಂದೆ ನೋಡೋರ್ಯಾರು?"

ಹೊಟ್ಟೆಯ ಸೂಜಿಯ ಆ ಭಯ ಎಷ್ಟು ಜೀವಗಳನ್ನು ಆಸ್ಪತ್ರೆಯಿಂದ ದೂರವಿಟ್ಟಿತೋ! ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಕೈಬಿಟ್ಟು ಇಪ್ಪತ್ತು ವರ್ಷಗಳಾಗಿವೆ. ಈಗ ತೋಳಿಗೆ ಹಾಕುವ ಕೆಲವೇ ಸೂಜಿಗಳು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಬೇರೊಂದು ಔಷಧ. ಮೇಷ್ಟರು ಹುಡುಗನನ್ನು ಪಕ್ಕಕ್ಕೆ ಕರೆದು ಒಂದು ಕಥೆ ಹೇಳಿದರು: 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನ ಈ ಚಿಕಿತ್ಸೆಯನ್ನು ಪಡೆದು ಬದುಕಿದವನೂ ಒಂಬತ್ತು ವರ್ಷದ ಹುಡುಗ, ಜೋಸೆಫ್ ಮೈಸ್ಟರ್. ಹುಡುಗ ಕಣ್ಣರಳಿಸಿ ಕೇಳಿದ. ಮಂದೆಯನ್ನು ನೋಡಿಕೊಳ್ಳಲು ನೆರೆಯ ರೊಪ್ಪದವನೊಬ್ಬ ಒಪ್ಪಿದ.

ಕಾರಿಗೆ ಹತ್ತುವ ಮುನ್ನ ಕರಿಯನ ವಿಚಾರ ಬಂತು. ಅದನ್ನು ಮಿಕ್ಕ ನಾಯಿಗಳಿಂದ ದೂರ ಗಟ್ಟಿಯಾಗಿ ಕಟ್ಟಬೇಕು, ಬರಿಗೈಯಲ್ಲಿ ಅದರ ಬಾಯಿ ಮುಟ್ಟಬಾರದು, ಸೂಜಿ ಹಾಕಿಸಿ ತಿಂಗಳುಗಟ್ಟಲೆ ಕಣ್ಣಿಡಬೇಕು. ಮಿಕ್ಕವುಗಳಿಗೂ ಲಸಿಕೆಯಾಗಬೇಕು. ಮರಿಯಾದರೆ ಮೂರು ತಿಂಗಳಿಗೆ ಮೊದಲ ಸಲ, ಮತ್ತೊಂದು ಬಲವರ್ಧಕ, ಆ ಮೇಲೆ ವರ್ಷಕ್ಕೊಮ್ಮೆ. "ಕರಿಯನ ಕಟ್ಟಿದ್ರೆ ತೋಳ ಕಾಯೋರ್ಯಾರು?" ಎಂದು ಅಜ್ಜ ಗೊಣಗಿದ. ಆದರೂ ತನ್ನ ಕಂಬಳಿಯ ಅಂಚಿನಿಂದ ಕರಿಯನ ಬೆನ್ನು ಸವರಿ, ತಾನೇ ಹಗ್ಗ ಬಿಗಿದ.

ದಾರಿಯುದ್ದಕ್ಕೂ ಅಜ್ಜನ ಪ್ರಶ್ನೆಗಳು ಮುಗಿಯಲಿಲ್ಲ. ಕುರಿಯ ಮೈಯಲ್ಲಿರುವ ಉಣ್ಣೆ ಹೊಟ್ಟೆ ಹೊರೆಯುತ್ತದೆ, ನಾಯಿಯ ಮೈಯಲ್ಲಿರುವ ಉಣ್ಣೆ ರಕ್ತ ಹೀರುತ್ತದೆಯೆಂದು ಅವನೇ ತಮಾಷೆ ಮಾಡಿದ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ವಾರಕ್ಕೊಮ್ಮೆ ಹುಡುಕಿ ತೆಗೆಯಬೇಕೆಂದೂ, ವಸಡು ಬಿಳಿಚಿ ಜ್ವರ ಬಂದರೆ ಉಣ್ಣೆಜ್ವರವೆಂದು ಅನುಮಾನಿಸಬೇಕೆಂದೂ ಡಾಕ್ಟರು ಹೇಳಿದರು. ಆಮೇಲೆ ಅಜ್ಜ ತನ್ನ ಮನಸ್ಸಿನ ನೋವನ್ನು ತೆರೆದ. ಕೆಲವು ಕುರಿಗಳು ತಲೆ ಓರೆ ಮಾಡಿಕೊಂಡು ಒಂದೇ ಕಡೆಗೆ ಸುತ್ತಿ ಸುತ್ತಿ ಬಿದ್ದು ಸಾಯುತ್ತವೆ; ದೇವರಿಗೆ ಹರಕೆ ಹೊತ್ತರೂ ನಿಲ್ಲುತ್ತಿಲ್ಲ.

"ಸತ್ತ ಕುರಿಯ ತಲೆಯನ್ನೇನು ಮಾಡುತ್ತೀರಿ?"

"ನಾಯಿಗ್ ಹಾಕ್ತೀವಿ."

"ರೋಗ ಅಲ್ಲೇ ಇದೆ ಯಜಮಾನರೇ."

ಡಾಕ್ಟರು ಬಿಡಿಸಿ ಹೇಳಿದರು. ಆ ಕುರಿಯ ಮಿದುಳಿನಲ್ಲಿ ನೀರುಗುಳ್ಳೆಯೊಂದು ಬೆಳೆದಿರುತ್ತದೆ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಅದು ಲಾಡಿಹುಳುವಾಗುತ್ತದೆ. ಹುಳುವಿನ ಮೊಟ್ಟೆ ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೊಂದು ಕುರಿಗೆ. ಇನ್ನೊಂದು ಜಾತಿಯ ಲಾಡಿಹುಳುವಿನ ಗುಳ್ಳೆ ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿರುತ್ತದೆ. ಅದರ ಮೊಟ್ಟೆ ನಾಯಿಯನ್ನು ಮುಟ್ಟಿದ ಕೈಯಿಂದ ಮನುಷ್ಯನ ಹೊಟ್ಟೆಗೂ ಇಳಿದು ಅಲ್ಲಿಯೂ ಗುಳ್ಳೆ ಕಟ್ಟುತ್ತದೆ. ಹಸಿ ತಲೆ, ಹಸಿ ಕರುಳು ನಾಯಿಗೆ ಹಾಕದೆ ಬೇಯಿಸಿ ಕೊಡುವುದು ಇಲ್ಲವೆ ಆಳವಾಗಿ ಹೂಳುವುದು. ಮೂರು ತಿಂಗಳಿಗೊಮ್ಮೆ ನಾಯಿಗೆ ಹುಳುವಿನ ಗುಳಿಗೆ. ನಾಯಿಯನ್ನು ಮುಟ್ಟಿ ಉಣ್ಣುವ ಮುನ್ನ ಕೈತೊಳೆತ. ಇಷ್ಟೇ ಮದ್ದು.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಬೆಲೆಯಿಲ್ಲವೆಂದು ಲೆಕ್ಕದಿಂದ ಬಿಟ್ಟ ನಾಯಿಯೇ ಕುರಿಯ ಮತ್ತು ಕೂಸಿನ ಲೆಕ್ಕವನ್ನು ಹಿಡಿದಿದೆಯೆಂಬುದು ಅವನಿಗೆ ಹೊಳೆದಿರಬೇಕು.

ತಾಲ್ಲೂಕು ಆಸ್ಪತ್ರೆಯಲ್ಲಿ ಹುಡುಗನಿಗೆ ಮೊದಲ ಸೂಜಿಯಾಯಿತು. ಮುಂದಿನವು ಆ ದಿನದಿಂದ 3, 7 ಮತ್ತು 28ನೆಯ ದಿನಗಳಂದು. ಒಂದನ್ನೂ ತಪ್ಪಿಸಕೂಡದೆಂದು ಚೀಟಿಯಲ್ಲಿ ಬರೆದುಕೊಟ್ಟರು. ಆಗ ನನಗೆ ಅಕ್ಷರಗುಂಡಿನ ಆ 'ದೃಢ'ದ ಅರ್ಥವಾಯಿತು. ನಾಯಿಯ ತಲೆ ಸವರುವುದು ಒಂದು ಕ್ಷಣದ ದಯೆ. ತಾರೀಕು ನೆನಪಿಟ್ಟು ಸೂಜಿ ಹಾಕಿಸುವುದು, ವಾರ ತಪ್ಪದೆ ಉಣ್ಣೆ ಹುಡುಕುವುದು, ಬೇಸಿಗೆಯಲ್ಲಿ ನೀರಿನ ಬಾನಿ ಬತ್ತದಂತೆ ನೋಡುವುದು, ಇದು ದೃಢವಾದ ದಯೆ. ನನ್ನ ಮರಿಯ ಮೇಲೆ ನನಗೆ ಪ್ರೀತಿಗೇನೂ ಕೊರತೆಯಿರಲಿಲ್ಲ; ಕೊರತೆಯಾದುದು ದೃಢತೆಗೆ.

ಹಿಂದಿರುಗುವಾಗ ಮೇಷ್ಟರು ಮತ್ತೆರಡು ಕಲ್ಲುಗಳನ್ನು ನೆನಪಿಸಿದರು. ಆಂಧ್ರದ ಯರ್ರಗುಡಿಯ ಬಂಡೆಯ ಮೇಲೆ ಅದೇ ಅಶೋಕನು ಮನುಷ್ಯರಿಗೊಂದು, ಪ್ರಾಣಿಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿದ ಮಾತಿದೆ. ಮದ್ದೂರಿನ ಬಳಿಯ ಆತಕೂರಿನಲ್ಲಿ ಸುಮಾರು 950ರಲ್ಲಿ ನಿಲ್ಲಿಸಿದ ಶಾಸನ, ಗಂಗ ಬೂತುಗನಿಂದ ಮಣಲೆರನು ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯದು. ಕಾಡುಹಂದಿಯೊಡನೆ ಹೋರಾಡಿ ಎರಡೂ ಮಡಿದಾಗ ಆ ನಾಯಿಗೊಂದು ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ದತ್ತಿಯಾಯಿತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆ ಕಲ್ಲನ್ನು ನೋಡಿದವರಿಗೆ, ಕನ್ನಡಿಗರು ಒಂದು ಕಾಲದಲ್ಲಿ ನಾಯಿಯನ್ನು ಲೆಕ್ಕಕ್ಕೆ ಹಿಡಿದವರೆಂಬುದು ತಿಳಿಯುತ್ತದೆ.

ತಿಂಗಳ ಮೇಲೆ ಡಾಕ್ಟರು ಮತ್ತೆ ಬ್ರಹ್ಮಗಿರಿಗೆ ಹೋಗಿ ಬಂದರು. ಹುಡುಗನ ಕಡೆಯ ಸೂಜಿಯೂ ಮುಗಿದಿತ್ತು, ಗಾಯ ಮಾಯ್ದಿತ್ತು. ರೊಪ್ಪದ ಹಿಂದೆ ಸತ್ತ ಕುರಿಗಳಿಗೊಂದು ಗುಂಡಿ ತೋಡಲಾಗಿತ್ತು. ಜೀವ ಎಷ್ಟೆಂದು ಕೇಳಿದಾಗ ಅಜ್ಜ ಎಂದಿನಂತೆ ಕುರಿ, ಮರಿ, ಟಗರು, ಮೇಕೆಗಳ ಲೆಕ್ಕ ಒಪ್ಪಿಸಿ, ಒಂದು ಕ್ಷಣ ನಿಂತು, ಹೀಗೆಂದನಂತೆ:

"ನಾಯಿ ಐದು ಸ್ವಾಮಿ. ಒಂದನ್ನ ಇನ್ನೂ ಕಟ್ಟೇ ಇಟ್ಟೀವಿ."